ಮಾವ ಹಚ್ಚಿದ ಎರಡನೇ ಪದರ

ನಮ್ಮ ಮಾವನವರ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬೆರಳ ತುದಿ ಹೊಳೆಯ ಕಲ್ಲಿನ ಹಾಗೆ ನುಣ್ಣಗಾಗಿ, ಸ್ವಲ್ಪ ಹೊರಕ್ಕೆ ಬಾಗಿತ್ತು. ರೇಷನ್ ಅಂಗಡಿಯ ಯಂತ್ರದ ಮೇಲೆ ಎಷ್ಟು ಸಲ ಒತ್ತಿದರೂ ಅದು ಗುರುತು ಹಿಡಿಯುತ್ತಿರಲಿಲ್ಲ. ಕೊನೆಗೆ ಎಡಗೈ ಬೆರಳು ಕೊಟ್ಟು ಅಕ್ಕಿ ತರುತ್ತಿದ್ದರು. ಊರಿನ ಬೈಕು ಕಾರ್ಖಾನೆ ಮುಚ್ಚುವ ತನಕ ಅವರು ಅಲ್ಲಿ ಇಂಜಿನ್ ಜೋಡಿಸುವ ವಿಭಾಗದ ಫೋರ್‌ಮನ್. ಇಂಜಿನ್ನಿನ ಎರಡು ಹೋಳು ಕೂಡುವ ಅಂಚಿಗೆ ಎಣ್ಣೆ ಸೋರದ ಹಾಗೆ ಪೇಸ್ಟ್ ಹಚ್ಚುವುದಕ್ಕೆ ಬ್ರಷ್ ಇದ್ದರೂ ಅವರು ಹೆಬ್ಬೆರಳಲ್ಲೇ ಹಚ್ಚುತ್ತಿದ್ದರಂತೆ. ಬ್ರಷ್‌ಗೆ ಎಲ್ಲಿ ತೆಳುವಾಯಿತು, ಎಲ್ಲಿ ದಪ್ಪವಾಯಿತು ಅನ್ನುವುದು ತಿಳಿಯುವುದಿಲ್ಲ ಎನ್ನುತ್ತಿದ್ದರು. ಒಂದು ಜೀವಮಾನ ಹಾಗೆ ಉಜ್ಜಿ ಉಜ್ಜಿ ಬೆರಳಿನ ಗೆರೆ ಅಳಿಸಿಹೋಗಿತ್ತು.

ನಾನು ಮದುವೆಯಾಗಿ ಒಂಟಿಕೊಪ್ಪಲಿನ ಆ ಮನೆಗೆ ಬಂದಾಗ ಅವರು ನಿವೃತ್ತರಾಗಿ ಬಹಳ ಕಾಲವಾಗಿತ್ತು. ಸೊಸೆಗೆ ಅವರು ಆಡಿದ ಮೊದಲ ಮಾತು ನನಗಿನ್ನೂ ನೆನಪಿದೆ. ನಿಮ್ಮಪ್ಪನ ಸ್ಕೂಟರ್ ಎಡಕ್ಕೆ ಎಳೆಯುತ್ತೆ, ಮುಂದಿನ ಚಕ್ರ ನೋಡಿಸೋಕೆ ಹೇಳಮ್ಮ, ಅಂದಿದ್ದರು. ಬೀದಿಯಲ್ಲಿ ಹೋಗುವ ಬೈಕುಗಳ ಸದ್ದು ಕೇಳಿಯೇ ಇದು ಹಾಲಿನವನದು, ಇದು ಮೂರನೇ ಮನೆ ಲೆಕ್ಚರರದು ಎಂದು ಹೇಳಿಬಿಡುವರು. ಗ್ರೀಸ್ ಮೆತ್ತಿದ ಕೈಯನ್ನು ಅತ್ತೆಯ ಅಡುಗೆಮನೆಯ ನಿಂಬೆ ಸಿಪ್ಪೆಯಿಂದ ತಿಕ್ಕಿ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡ ಮೇಲೆಯೇ ಕಾಫಿ. ಅವರ ಬಾಯಲ್ಲಿ ಸದಾ ಇದ್ದ ಮಾತು ಒಂದೇ: “ಸೋರೋ ಇಂಜಿನ್ನು, ಸೋರೋ ಮನೆ, ಎರಡರಲ್ಲೂ ನಿದ್ದೆ ಬರಲ್ಲ.”

ಅಪ್ಪನ ಹುಚ್ಚೇ ಮಗನಿಗೂ ಬಂದಿತ್ತು. ನನ್ನ ಗಂಡ ಹೆಬ್ಬಾಳದ ಕಡೆ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದರು. ಒಂದು ದಿನ ಕೊಡಗಿನ ಕಾಫಿ ತೋಟದ ಕೊಟ್ಟಿಗೆಯೊಂದರಲ್ಲಿ ಬಿದ್ದಿದ್ದ ಹಳೆಯ ಜಪಾನಿ ಕಾರೊಂದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಅದಕ್ಕಿದ್ದದ್ದು ರೋಟರಿ ಇಂಜಿನ್. ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇರುವುದಿಲ್ಲ. ಮೂರು ಮೂಲೆಯ ಎರಡು ದಪ್ಪ ರೋಟರುಗಳು ನಡು ಸಣ್ಣಗಾದ ಗೂಡಿನೊಳಗೆ ಸುತ್ತುತ್ತವೆ. ರೋಟರಿನ ಪ್ರತಿ ಮೂಲೆಗೂ ಒಂದೊಂದು ಲೋಹದ ಪಟ್ಟಿ, ಅದರ ಹಿಂದೆ ಕೂದಲಿನಷ್ಟು ತೆಳು ಸ್ಪ್ರಿಂಗ್. ಗೂಡುಗಳನ್ನು ಬ್ರೆಡ್ ಹೋಳಿನ ಹಾಗೆ ಒಂದರ ಮೇಲೊಂದು ಪೇರಿಸಿ, ಉದ್ದನೆಯ ಬೋಲ್ಟುಗಳಿಂದ ಬಿಗಿಯಬೇಕು. ಹೋಳುಗಳ ನಡುವೆ ನೀರು ನಿಲ್ಲಿಸಲು ರಬ್ಬರ್ ಬಳೆ, ತಳದಲ್ಲಿ ಎಣ್ಣೆಯ ತಟ್ಟೆ. ನನ್ನ ಗಂಡ ಇದನ್ನೆಲ್ಲ ಊಟದ ತಟ್ಟೆ, ಲೋಟ, ಒಬ್ಬಟ್ಟು ಇಟ್ಟುಕೊಂಡು ನನಗೆ ವಿವರಿಸಿದ್ದರು. ಆಗ ನಾನು ಅರ್ಧ ಕೇಳಿಸಿಕೊಂಡಿದ್ದೆ.

ಹಿತ್ತಲಿನ ಶೆಡ್ಡಿನಲ್ಲಿ ಅಪ್ಪ ಮಗ ಇಬ್ಬರೂ ಭಾನುವಾರಗಳನ್ನು ಕಳೆದರು. ಅವರ ನಡುವೆ ಜಗಳ ಬಂದದ್ದು ಪೇಸ್ಟಿನ ವಿಷಯಕ್ಕೆ ಮಾತ್ರ. ಈ ಇಂಜಿನ್ನಿಗೆ ಪೇಸ್ಟ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಹೆಚ್ಚಾದದ್ದು ಒಳಕ್ಕೆ ಉಬ್ಬಿ ಕಿತ್ತುಕೊಂಡರೆ ಎಣ್ಣೆಯ ದಾರಿ ಕಟ್ಟುತ್ತದೆ ಎಂದು ಮಗ ಹೇಳುವರು. ಅಪ್ಪನಿಗೆ ಅದು ಒಪ್ಪಿಗೆಯಾಗುತ್ತಿರಲಿಲ್ಲ. ಅವರ ಕೈಯಿಂದ ಹೊರಟ ಸಾವಿರಾರು ಇಂಜಿನ್ನುಗಳಲ್ಲಿ ಒಂದೂ ಸೋರಿರಲಿಲ್ಲ. ಕೊನೆಗೆ ಮಗ ತನ್ನ ಇಷ್ಟದಂತೆಯೇ ತೆಳ್ಳಗೆ ಹಚ್ಚಿದರು. ಮಾವ ಸುಮ್ಮನಾದರು ಎಂದೇ ನಾವೆಲ್ಲ ತಿಳಿದುಕೊಂಡೆವು.

ಕಾರು ಓಡಿತು. ಅದರ ಸದ್ದು ಬೇರೆ ಕಾರುಗಳ ಹಾಗಿರಲಿಲ್ಲ. ಹೊಲಿಗೆ ಯಂತ್ರವೊಂದು ಸಿಟ್ಟಿಗೆದ್ದ ಹಾಗೆ ಕೇಳುತ್ತಿತ್ತು. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ಕೆಲವು ವಾರ ಊರೊಳಗೇ ಓಡಿಸಿ, ಆಮೇಲೆ ಒಂದು ಶನಿವಾರ ನನ್ನ ಗಂಡ ನಂಜನಗೂಡಿನವರೆಗೆ ಹೋಗಿ ಬರುತ್ತೇನೆಂದು ಹೊರಟರು. ಅಂದು ಚಾಮರಾಜಪುರಂನ ನನ್ನ ತವರಿನಲ್ಲಿ ತಂಗಿಯ ಮದುವೆ ಮಾತುಕತೆಯಿತ್ತು. ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಮೊದಲೇ ಬಂದುಬಿಟ್ಟರು. ನಾನು ಗಂಡನಿಗೆ ಫೋನ್ ಮಾಡಿ, ಬೇಗ ಬನ್ನಿ, ಎಲ್ಲರೂ ಕಾಯ್ತಿದಾರೆ ಅಂದೆ. ಎಳನೀರು ಕುಡಿಯೋಕೆ ನಿಲ್ಲಿಸಿದೀನಿ, ಹೊರಟೆ ಅಂದರು.

ಮಂಡಕಳ್ಳಿಯ ಹತ್ತಿರ ಕಾರು ನಡುರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ಬಿಗಿದುಕೊಂಡು ನಿಂತಿತು. ಹಿಂದಿನಿಂದ ಬರುತ್ತಿದ್ದ ಲಾರಿಗೆ ನಿಲ್ಲಿಸಲಾಗಲಿಲ್ಲ.

ನೋಡಿದವರು ತಲೆಗೊಂದು ಹೇಳಿದರು. ಬ್ರೇಕ್ ಹಾಕಿದರು ಎಂದರು, ಜೋರಾಗಿ ಹೋಗುತ್ತಿದ್ದರು ಎಂದರು. ಕೊನೆಗೆ ಉಳಿದದ್ದು ಅತಿವೇಗ ಅನ್ನುವ ಮಾತು. ನನ್ನ ಗಂಡನ ಫೋನಿನಲ್ಲಿ ಕೊನೆಗೆ ಬಂದ ಕರೆ ನನ್ನದು. ಮಣ್ಣು ಮಾಡಿ ಬಂದ ದಿನವೇ ನಾದಿನಿ ನಡುಮನೆಯಲ್ಲಿ ಎಲ್ಲರ ಮುಂದೆ ಕೇಳಿದಳು, ಅಷ್ಟು ಅವಸರ ಪಡಿಸೋ ಅಂಥದ್ದು ಏನಿತ್ತು ಅಂತ. ಅತ್ತೆ ಅಂದಿನಿಂದ ಆ ಮಾತನ್ನು ಹಿಡಿದುಕೊಂಡರು. ಹೂವು ಕಟ್ಟುವಾಗ, ಅಕ್ಕಿ ಆರಿಸುವಾಗ, ಬಂದವರಿಗೆ ನೀರು ಕೊಡುವಾಗ, “ಫೋನ್ ಮಾಡ್ದೇ ಇದ್ದಿದ್ರೆ ನಿಧಾನವಾಗಿ ಬರ್ತಿದ್ದ ನನ್ನ ಮಗ” ಎನ್ನುವರು. ನನ್ನ ಮುಖ ನೋಡಿ ಹೇಳುತ್ತಿರಲಿಲ್ಲ. ಗೋಡೆಗೆ ಹೇಳುತ್ತಿದ್ದರು.

ಅಮ್ಮ ನನ್ನನ್ನು ಬಂದುಬಿಡು ಎಂದು ಕರೆದಳು. ಹೋದರೆ ತಪ್ಪು ಒಪ್ಪಿಕೊಂಡು ಓಡಿಹೋದ ಹಾಗೆ ಆಗುತ್ತದೆ ಅನ್ನಿಸಿ ಅಲ್ಲೇ ಉಳಿದೆ. ನಾನು ಕೆಲಸ ಮಾಡುತ್ತಿದ್ದುದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ. ಬೆಳಿಗ್ಗೆ ಹೋಗಿ ಜನರ ಕೈಗೆ ಸೂಜಿ ಚುಚ್ಚಿ, ಸೀಸೆಗಳಿಗೆ ಹೆಸರು ಅಂಟಿಸಿ, ಮಧ್ಯಾಹ್ನ ಮನೆಗೆ ಬಂದು ಕೋಣೆ ಸೇರುತ್ತಿದ್ದೆ. ಆ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ ಎನ್ನುವುದೆಲ್ಲ ಸಣ್ಣ ಮಾತು. ನಾನು ಆಡಿದ ಆ ನಾಲ್ಕು ಪದಗಳನ್ನು ಬೇರೆ ಬೇರೆ ಥರ ಆಡಿ ನೋಡುತ್ತಿದ್ದೆ. ‘ನಿಧಾನವಾಗಿ ಬನ್ನಿ’ ಎಂದಿದ್ದರೆ? ಫೋನ್ ಸಿಗದೇ ಇದ್ದಿದ್ದರೆ? ಒಂದು ಮಧ್ಯಾಹ್ನ ಲ್ಯಾಬಿನಿಂದ ಬರುವಾಗ ಬಸ್ಸಿನ ಮುಂದೆ ಕಾಲಿಡಬೇಕು ಅನ್ನಿಸಿ, ರಸ್ತೆಯಂಚಿನಲ್ಲಿ ನಿಂತುಬಿಟ್ಟೆ. ಒಬ್ಬ ಹೆಂಗಸು ತೋಳು ಹಿಡಿದು ದಾಟಿಸಿದಳು. ನನಗೆ ತಲೆ ಸುತ್ತಿದೆ ಎಂದುಕೊಂಡಳು ಪಾಪ.

ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಮಾವ ನನ್ನ ಮುಖ ನೋಡುತ್ತಿದ್ದರು. ಮಗ ಹೋದ ಮೇಲೆ ಅವರ ಕೈ ನಡುಗತೊಡಗಿತ್ತು. ಲೋಟ ಎತ್ತಿದರೆ ಕಾಫಿ ಅಂಗೈಗೆ ಚೆಲ್ಲುತ್ತಿತ್ತು. ನಜ್ಜುಗುಜ್ಜಾದ ಕಾರನ್ನು ಗುಜರಿಗೆ ಹಾಕಲು ಬಿಡದೆ ಶೆಡ್ಡಿಗೆ ತರಿಸಿ ಟಾರ್ಪಾಲು ಹೊದಿಸಿದ್ದರು. ಲಾರಿ ಗುದ್ದಿದ್ದು ಹಿಂದಕ್ಕೆ ಮತ್ತು ಬಲಗಡೆಗೆ. ಮುಂದಿನ ಇಂಜಿನ್ ಹಾಗೇ ಇತ್ತು.

ಒಂದು ದಿನ ನಾನು ಲ್ಯಾಬಿನಿಂದ ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಯಾರಿಂದಲೋ ಚೈನ್ ಪುಲ್ಲಿ ತರಿಸಿ ಇಂಜಿನ್ನನ್ನು ಆಚೆ ಎತ್ತಿಸಿ ಬೆಂಚಿನ ಮೇಲೆ ಕೂರಿಸಿದ್ದರು. “ಬಾಮ್ಮ ಇಲ್ಲಿ. ನನ್ನ ಕೈ ನಿಲ್ಲಲ್ಲ. ಈ ಬೋಲ್ಟ್ ಬಿಚ್ಚು,” ಅಂದರು. ನನಗೆ ಆ ಯಂತ್ರವನ್ನು ಮುಟ್ಟುವುದಿರಲಿ, ನೋಡುವುದೇ ಆಗುತ್ತಿರಲಿಲ್ಲ. ಹಾಗೆಂದೆ. ಅವರು ಸ್ಪ್ಯಾನರ್ ನನ್ನ ಕಡೆ ಚಾಚಿ, “ಕಾರು ಯಾಕೆ ನಿಂತ್ಕೊಳ್ತು ಅಂತ ನಿಂಗೆ ಗೊತ್ತಾಗ್ಬೇಡ್ವಾ?” ಅಂದರು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ನನ್ನ ಮುಂದೆ ಇಟ್ಟಿರಲಿಲ್ಲ. ಕಾರು ನಿಂತಿತು ಅನ್ನುವುದನ್ನೇ ಎಲ್ಲರೂ ಮರೆತಿದ್ದರು. ನಾನು ಸ್ಪ್ಯಾನರ್ ತೆಗೆದುಕೊಂಡೆ.

ತಳದ ಎಣ್ಣೆ ತಟ್ಟೆ ಬಿಚ್ಚಿದೆವು. ಎಣ್ಣೆ ಹೀರುವ ಕೊಳವೆಯ ಬಾಯಿಗೆ ಚಹಾ ಸೋಸುವಂಥ ಒಂದು ಜಾಲರಿ ಇರುತ್ತದೆ. ಅದರ ಮೇಲೆ ಕಪ್ಪಗೆ, ಮೆತ್ತಗೆ, ಎರೆಹುಳುವಿನ ತುಂಡುಗಳ ಹಾಗೆ ಏನೋ ಅಂಟಿಕೊಂಡಿತ್ತು. ಜಾಲರಿಯ ಬಹುಪಾಲು ಮುಚ್ಚಿಹೋಗಿತ್ತು. ನಾನು ಲ್ಯಾಬಿನ ಚಿಮುಟದಿಂದ ಒಂದು ತುಂಡು ಎತ್ತಿದೆ. ಮಾವ ಅದನ್ನು ಬೆರಳ ನಡುವೆ ಹೊಸೆದು ನೋಡಿದರು. ಆಮೇಲೆ ಅಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟರು.

“ಇದು ಅವನು ಹಚ್ಚಿದ್ದಲ್ಲ ಕಣಮ್ಮ. ಅವನದು ಬೂದಿ ಬಣ್ಣದ್ದು. ಇದು ನಂದು.”

ಅವರು ಹೇಳಿದ್ದು ಇಷ್ಟು. ಮಗ ತಟ್ಟೆಗೆ ಪೇಸ್ಟ್ ಹಚ್ಚಿ, ಯಾರೋ ಕರೆದರೆಂದು ಗೇಟಿನ ತನಕ ಹೋಗಿದ್ದರು. ಆ ತೆಳುವಾದ ಗೆರೆ ನೋಡಿ ಮಾವನಿಗೆ ಮನಸ್ಸು ತಡೆಯಲಿಲ್ಲ. ತಮ್ಮ ಪೆಟ್ಟಿಗೆಯಲ್ಲಿದ್ದ ಟ್ಯೂಬಿನಿಂದ ಅದರ ಮೇಲೆ ಇನ್ನೊಂದು ಪದರ ದಪ್ಪಗೆ ಹಚ್ಚಿ, ಮಗ ಬರುವಷ್ಟರಲ್ಲಿ ತಟ್ಟೆ ಮುಚ್ಚಿ ಬೋಲ್ಟು ಕೂರಿಸಿದ್ದರು. ಸೋರಿದರೆ ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆ ಎಂದು. ಎಣ್ಣೆ ತಾಗುವ ಕಡೆ ಹಚ್ಚಬಾರದು ಎಂದು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿದ್ದುದನ್ನು ಓದಿರಲಿಲ್ಲ.

ನಾನು ಆಗ ಏನು ಅಂದುಕೊಂಡೆ ಎಂದು ಈಗ ಕೇಳಿದರೆ ಸರಿಯಾಗಿ ಹೇಳಲಾರೆ. ಎದೆಯ ಮೇಲಿನ ಕಲ್ಲು ಜಾರಿತು, ಅದೇ ಕ್ಷಣದಲ್ಲಿ ಆ ಮುದುಕರ ಮುಖ ನೋಡಲಾಗದೆ ಚಿಮುಟ ಒರೆಸತೊಡಗಿದೆ. ಹಾಗಾದರೆ ಇದರಿಂದಲೇ ಆಯಿತೇ ಎಂದು ಕೇಳಿದೆ. ಉಳಿದ ಹೋಳುಗಳನ್ನೂ ನನ್ನಿಂದ ಬಿಚ್ಚಿಸಿ, ಅವರು ಬಹಳ ಹೊತ್ತು ಶಾಫ್ಟಿನ ಬೇರಿಂಗುಗಳನ್ನು ನೋಡಿದರು. ಎಣ್ಣೆ ಕಾಣದೆ ಸುಟ್ಟು ಕಪ್ಪಾಗಿ ಶಾಫ್ಟಿಗೆ ಕಚ್ಚಿಕೊಂಡಿದ್ದವು.

“ಹೇಳಕ್ಕಾಗಲ್ಲ. ಹಳೇ ಇಂಜಿನ್ನು. ಬೇರಿಂಗ್ ಮೊದ್ಲೇ ಸವೆದಿದ್ರೂ ಸವೆದಿರಬಹುದು, ಎಣ್ಣೆ ಪಂಪ್ ಕೈ ಕೊಟ್ಟಿದ್ರೂ ಕೊಟ್ಟಿರಬಹುದು. ಜಾಲರಿ ಪೂರ್ತಿ ಅಂತೂ ಕಟ್ಟಿಲ್ಲ,” ಅಂದರು. ಜಾಲರಿಯನ್ನು ಬೆಂಚಿನ ಮೇಲಿಟ್ಟು, “ಆದ್ರೆ ನಿನ್ನ ಫೋನಿಂದ ಇಂಜಿನ್ ಬಿಗಿಯಲ್ಲ. ಅದು ಮಾತ್ರ ಹೇಳಬಲ್ಲೆ,” ಅಂದರು.

ಆಮೇಲೆ ಅವರಿಗೆ ಬೇರೆ ಕೆಲಸವೇ ಇಲ್ಲದ ಹಾಗೆ ಆಯಿತು. ಅಂಗಡಿ ಅಂಗಡಿ ತಿರುಗಿ ಸಿಕ್ಕಸಿಕ್ಕ ಪೇಸ್ಟುಗಳನ್ನೆಲ್ಲ ತಂದರು. ಕಪ್ಪು, ಕೆಂಪು, ಬೂದಿ ಬಣ್ಣದವು, ಅವರ ಕಾಲದ ಬೆಲ್ಲದ ಪಾಕದಂಥದ್ದು. ಒಂದೊಂದನ್ನೂ ತಗಡಿನ ಚೂರಿನ ಮೇಲೆ ಹಚ್ಚಿ ಒಣಗಿಸಿ, ಉಪ್ಪಿನಕಾಯಿಯ ಹಳೇ ಸೀಸೆಗಳಲ್ಲಿ ಮುಳುಗಿಸಿಟ್ಟರು. ಕೆಲವಕ್ಕೆ ಇಂಜಿನ್ ಎಣ್ಣೆ, ಕೆಲವಕ್ಕೆ ಪೆಟ್ರೋಲ್. ಸೀಸೆಗಳಿಗೆ ಹೆಸರು ಅಂಟಿಸುವ ಕೆಲಸ ನನ್ನದು. ಎಣ್ಣೆಯ ಸೀಸೆಗಳನ್ನು ದಿನಾ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸುವರು. ಓಡುವ ಇಂಜಿನ್ನಿನಲ್ಲಿ ಎಣ್ಣೆ ಬಿಸಿಯಾಗಿರುತ್ತದೆ, ತಣ್ಣಗಿನ ಎಣ್ಣೆಯಲ್ಲಿ ನೋಡಿದರೆ ಮೋಸ ಎನ್ನುವರು. ಒಂದೆರಡು ದಿನಕ್ಕೊಮ್ಮೆ ನಾನು ಚಿಮುಟದಿಂದ ಎತ್ತಿ ತೋರಿಸಬೇಕು. ಅವರ ಟ್ಯೂಬಿನ ಕಪ್ಪು ಪೇಸ್ಟು ನೆನೆದ ಸಬ್ಬಕ್ಕಿಯ ಹಾಗೆ ಉಬ್ಬಿತು. ಒಂದು ದಿನ ಮುಟ್ಟಿದ ಕೂಡಲೇ ತಗಡಿನಿಂದ ಜಾರಿ ಸೀಸೆಯ ತಳಕ್ಕೆ ಇಳಿಯಿತು. ಮಗ ತಂದಿದ್ದ ಬೂದಿ ಬಣ್ಣದ್ದು ಹಚ್ಚಿದಲ್ಲೇ ಇತ್ತು. ಮಾವ ಆ ಎರಡು ಸೀಸೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿರುವರು. ಅಲ್ಲಿಂದ ಎಬ್ಬಿಸಿ ಊಟಕ್ಕೆ ಕರೆತರುವುದೇ ಕಷ್ಟವಾಗುತ್ತಿತ್ತು.

ವರ್ಷದ ಪುಣ್ಯಸ್ಮರಣೆ ಬಂತು. ಮಠದಿಂದ ಸ್ವಾಮಿಗಳು ಬಂದು ಪೂಜೆ ಮುಗಿಸಿ ಹೋದರು. ಊಟವಾದ ಮೇಲೆ ನೆಂಟರೆಲ್ಲ ನಡುಮನೆಯಲ್ಲಿ ಕುಳಿತಿದ್ದರು. ಮಾತು ಮತ್ತೆ ಅಲ್ಲಿಗೇ ಬಂತು. ನಾದಿನಿ, ವಿಧಿ ಯಾವ ಯಾವ ರೂಪದಲ್ಲಿ ಬರುತ್ತೋ, ಒಂದು ಫೋನಾಗಿಯೂ ಬರುತ್ತೆ ಅಂದಳು. ನಾನು ಎಲೆ ಎತ್ತುತ್ತಿದ್ದವಳು ಹಾಗೇ ನಿಂತೆ.

ಮಾವ ಎದ್ದು ಶೆಡ್ಡಿಗೆ ಹೋಗಿ ಆ ಜಾಲರಿಯನ್ನು ಪಂಚೆಯ ತುದಿಯಲ್ಲಿ ಹಿಡಿದು ತಂದರು. ನಡುವೆ ನಿಂತು, “ಇವತ್ತಿಗೆ ಫೋನಿನ ಮಾತು ಮುಗೀಬೇಕು. ಕಾರು ನಿಂತಿದ್ದು ನಾನು ಹಚ್ಚಿದ ಪೇಸ್ಟಿಂದ. ಮಗ ಬೇಡ ಅಂದಿದ್ದ. ಅವನಿಗೆ ಗೊತ್ತಿಲ್ದಂಗೆ ಹಚ್ಚಿದೆ. ಎಣ್ಣೆ ಕಟ್ಕೊಂಡು ಇಂಜಿನ್ ಬಿಗೀತು. ನನ್ನ ಮಗನ್ನ ಕೊಂದಿದ್ದು ನನ್ನ ಕೈ,” ಅಂದರು. ನನ್ನ ಗಂಡನ ಚಿಕ್ಕಪ್ಪ ಒಬ್ಬರು, ಅಂಗೆಲ್ಲ ಅನ್ಬೇಡಿ, ನಿಮಗೇನು ಗೊತ್ತಿತ್ತು ಎಂದು ಸಮಾಧಾನ ಮಾಡಲು ಹೋದರು. ಮಾವ ಕೇಳಲಿಲ್ಲ. ಗೊತ್ತಿತ್ತು, ಅವನು ಹೇಳಿದ್ದ, ಅಂದರು. ಇದರಿಂದಲೇ ಅಂತ ಖಂಡಿತವಾಗಿ ಹೇಳಬಹುದಾ ಎಂದು ಇನ್ನೊಬ್ಬರು ಕೇಳಿದಾಗ, ಖಂಡಿತ ಅಂದರು. ನನ್ನ ಕಡೆ ಒಂದು ಸಲವೂ ತಿರುಗಿ ನೋಡಲಿಲ್ಲ.

ಅತ್ತೆ ಅಳಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂದಿನಿಂದ ಗೋಡೆಯ ಜೊತೆ ಆಡುವ ಮಾತು ನಿಂತಿತು. ಜೊತೆಗೆ ಗಂಡನ ಜೊತೆಗಿನ ಮಾತೂ ನಿಂತಿತು. ಅಡುಗೆ ಮಾಡುವರು, ತಟ್ಟೆಗೆ ಬಡಿಸಿ ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋಗಿಬಿಡುವರು. ಮಾವ ಒಬ್ಬರೇ ಕೂತು ಉಣ್ಣುವರು. ಅನ್ನ ಸಾಲದಿದ್ದರೆ ಕೇಳುತ್ತಿರಲಿಲ್ಲ. ಹಾಸಿಗೆ ನಡುಮನೆಗೆ ಬಂತು. ನಲವತ್ತಕ್ಕೂ ಮೀರಿದ ವರ್ಷಗಳ ಸಂಸಾರ, ಒಂದೇ ಸೂರಿನ ಕೆಳಗೆ ಇಬ್ಬರು ಬಾಡಿಗೆದಾರರ ಹಾಗೆ ಆಗಿಹೋಯಿತು.

ನನಗೆ ತಡೆಯಲಾಗಲಿಲ್ಲ. ಒಂದು ದಿನ ಶೆಡ್ಡಿನಲ್ಲಿ ಕೇಳಿದೆ, ನೀವೇ ಹೇಳಕ್ಕಾಗಲ್ಲ ಅಂದಿದ್ದಿರಿ, ಮತ್ತೆ ಎಲ್ಲರ ಮುಂದೆ ಖಂಡಿತ ಅಂತ ಯಾಕೆ ಅಂದ್ರಿ, ಅಂತ.

“ನಿಮ್ಮತ್ತೆಗೆ ಯಾರಾದ್ರೂ ಒಬ್ರು ಬೇಕು ಕಣಮ್ಮ. ಯಾರ ಮೇಲಾದ್ರೂ ಹೊರಿಸ್ದೆ ಅವಳು ಉಳಿಯಲ್ಲ. ನೀನಿನ್ನೂ ಬದುಕ್ಬೇಕಾದವಳು. ನಂದೇನು, ಆಯ್ತು,” ಅಂದರು. ಆಮೇಲೆ, “ಬಸ್‌ಸ್ಟ್ಯಾಂಡಿನ ಹತ್ರ ನಿನ್ನ ತೋಳು ಹಿಡಿದಳಲ್ಲ, ಆ ಹೆಂಗಸು ನಮ್ಮ ಕಾರ್ಖಾನೆಯ ಹಳೇ ಸ್ಟೋರ್ಸ್ ಕ್ಲರ್ಕಿನ ಮಗಳು. ನಿಮ್ಮ ಸೊಸೇನ ಒಬ್ಳೇ ಬಿಡ್ಬೇಡಿ ಅಂತ ಮನೆಗೆ ಬಂದು ಹೇಳಿ ಹೋದ್ಲು,” ಅಂದರು. ಇದು ಯಾವುದೂ ಅತ್ತೆಯ ಕಿವಿಗೆ ಹೋಗಬಾರದು ಎಂದು ನನ್ನಿಂದ ಭಾಷೆ ತೆಗೆದುಕೊಂಡರು.

ಇಂಜಿನ್ನನ್ನು ಮತ್ತೆ ಕಟ್ಟಬೇಕೆಂದು ಅವರು ಹಟ ಹಿಡಿದದ್ದು ಆಗ. ಕಾರಿಲ್ಲ, ಓಡಿಸುವವರಿಲ್ಲ, ಯಾಕೆ ಮಾವ ಎಂದರೆ, ಕೆಟ್ಟ ಇಂಜಿನ್ ಮನೇಲಿ ಇರಬಾರದು ಎನ್ನುವರು. ನನ್ನ ಗಂಡನ ಗೆಳೆಯರೊಬ್ಬರು ಪರದೇಶದಿಂದ ಬೇರಿಂಗುಗಳನ್ನೂ ರಬ್ಬರ್ ಬಳೆಗಳನ್ನೂ ತರಿಸಿಕೊಟ್ಟರು. ಶಾಫ್ಟನ್ನು ಲೇತ್ ಅಂಗಡಿಯಲ್ಲಿ ನಯ ಮಾಡಿಸಿದೆವು. ರೋಟರಿನ ಮೂಲೆಪಟ್ಟಿಗಳನ್ನೂ ಆ ತೆಳು ಸ್ಪ್ರಿಂಗುಗಳನ್ನೂ ಗೂಡಿಗೆ ಇಳಿಸುವ ತನಕ ಬೀಳದ ಹಾಗೆ ಹಿಡಿದಿಡಲು ಏನಾದರೂ ಸವರಬೇಕು. ಏನು ಸವರಬೇಕೆಂದು ಮಾವ ಈ ಸಲ ತಮ್ಮ ಅನುಭವವನ್ನು ನಂಬಲಿಲ್ಲ. ಅತ್ತೆಯ ಹಳೇ ದೋಸೆಹಂಚನ್ನು ಸೀಮೆಎಣ್ಣೆ ಒಲೆಯ ಮೇಲಿಟ್ಟು, ಗ್ರೀಸನ್ನೂ ಪೆಟ್ರೋಲಿಯಂ ಜೆಲ್ಲಿಯನ್ನೂ ಒಂದೊಂದು ಚಿಟಿಕೆ ಹಾಕಿದರು. ಗ್ರೀಸು ಹೊಗೆಯಾಡಿ ಕರೀ ಟಾರಿನ ಹಾಗೆ ಕಚ್ಚಿಕೊಂಡಿತು. ಕೆರೆದರೂ ಬರಲಿಲ್ಲ. ಜೆಲ್ಲಿ ತುಪ್ಪದಂತೆ ಕರಗಿ ಹೊಗೆಯಾಗಿ ಹೋಯಿತು. ಹಂಚು ಬರಿದಾಗಿತ್ತು.

“ತನ್ನ ಕೆಲಸ ಮುಗಿಸಿ ಹೊರಟೋಗುತ್ತೆ ನೋಡು. ಅಂಥದ್ದನ್ನ ಹಚ್ಚಬೇಕು,” ಅಂದರು. ಮಗನೂ ಅದೇ ಡಬ್ಬಿ ತಂದಿಟ್ಟಿದ್ದರು. ಅದರೊಳಗೆ ಜೆಲ್ಲಿಯ ಮೇಲೆ ನನ್ನ ಗಂಡನ ಬೆರಳಿನ ಗುಳಿ ಇನ್ನೂ ಇತ್ತು. ಮಾವ ಅದನ್ನು ಮುಟ್ಟದೆ ಹೊಸ ಡಬ್ಬಿ ತರಿಸಿದರು.

ಕೈ ನನ್ನದು, ಕಣ್ಣು ಅವರದು. ಮಧ್ಯಾಹ್ನಗಳೆಲ್ಲ ಹಾಗೆಯೇ ಕಳೆದವು. ನಾನು ಚಿಮುಟದಲ್ಲಿ ಸ್ಪ್ರಿಂಗ್ ಹಿಡಿದು ಜೆಲ್ಲಿಯಲ್ಲಿ ಅದ್ದಿ ಸೀಳಿನೊಳಗೆ ಇಳಿಸುವಾಗ ಅವರು ಉಸಿರು ಬಿಗಿ ಹಿಡಿದಿರುತ್ತಿದ್ದರು. ರಬ್ಬರ್ ಬಳೆಗಳಿಗೆ ಜೆಲ್ಲಿ ಸವರಿ ತೋಡಿನಲ್ಲಿ ಕೂರಿಸಿದೆ. ಎಣ್ಣೆ ತಟ್ಟೆಯ ಅಂಚಿಗೆ ಬೂದಿ ಬಣ್ಣದ ಪೇಸ್ಟನ್ನು ಶಾವಿಗೆಯ ಎಳೆಯಷ್ಟು ಸಣ್ಣಗೆ ಬಿಡಬೇಕಾಗಿ ಬಂದ ದಿನ ಮಾವ ಶೆಡ್ಡಿನಿಂದ ಎದ್ದು ಹೊರಗೆ ಹೋದರು. ನಾನಿದ್ದರೆ ಇನ್ನಷ್ಟು ಹಚ್ಚು ಅಂದ್ಬುಡ್ತೀನಿ ಅಂದರು. ಮುಗಿಸಿ ಕರೆದ ಮೇಲೆ ಬಂದು, ಗೆರೆಯನ್ನು ಸುತ್ತಲೂ ನೋಡಿ, ತಲೆಯಾಡಿಸಿದರು.

ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ ಬ್ಯಾಟರಿ ಕೊಟ್ಟಾಗ ಇಂಜಿನ್ನು ಮೊದಲು ಕೆಮ್ಮಿತು. ಜೆಲ್ಲಿ ಸುಟ್ಟ ಬಿಳಿ ಹೊಗೆ ಶೆಡ್ಡು ತುಂಬಿತು. ಆಮೇಲೆ ಹತ್ತಿಕೊಂಡಿತು. ಆ ಸದ್ದು ಕೇಳಿ ನನಗೆ ಗಂಡ ಗೇಟಿನಲ್ಲಿ ಬಂದ ಹಾಗಾಯಿತು. ಅಡುಗೆಮನೆಯಲ್ಲಿ ಅತ್ತೆಯ ಕೈಯಿಂದ ಪಾತ್ರೆ ಬಿದ್ದದ್ದು ಕೇಳಿಸಿತು. ಮಾವ ಅದನ್ನು ಸಂಜೆ ಬಿಸಿಲು ಹೋಗುವ ತನಕ ಓಡಿಸಿದರು. ಆರಿಸಿದ ಮೇಲೆ ಬಿಸಿ ಎಣ್ಣೆಯನ್ನು ಇಳಿಸಿ, ತಮ್ಮ ಒಗೆದ ಬಿಳಿ ಪಂಚೆಯಲ್ಲಿ ಸೋಸಿದರು. ಬಟ್ಟೆಯನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ಹುಡುಕಿದರು. ಒಂದು ಚೂರೂ ಇರಲಿಲ್ಲ.

ನಾನು ಖುಷಿಪಟ್ಟೆ. ಆಯ್ತಲ್ಲ ಮಾವ ಅಂದೆ. ಅವರು ಆ ಒದ್ದೆ ಪಂಚೆಯನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕುಸಿದರು.

“ಓಡಬಾರದಿತ್ತು ಕಣಮ್ಮ,” ಅಂದರು. “ಈ ಸಲನೂ ಬಿಗೀಬೇಕಿತ್ತು.”

ಅವರು ತಿಂಗಳುಗಟ್ಟಲೆ ಕಾದದ್ದು ಯಾವುದಕ್ಕೆ ಎನ್ನುವುದು ನನಗೆ ಆಗ ಹೊಳೆಯಿತು. ಸರಿಯಾದ ಪೇಸ್ಟು ಹಚ್ಚಿಯೂ ಅದು ಕೆಟ್ಟರೆ, ತಪ್ಪು ಯಂತ್ರದ್ದೇ ಆಗಿತ್ತು ಎಂದು ಒಳಗೊಳಗೇ ಆಸೆ ಇಟ್ಟುಕೊಂಡಿದ್ದರು. ಜನರ ಮುಂದೆ ತಲೆಗೆ ಹೊತ್ತುಕೊಂಡದ್ದನ್ನು ತಮ್ಮ ಮನಸ್ಸಿನೊಳಗಾದರೂ ಇಳಿಸಿಡಲು ಅದೊಂದೇ ದಾರಿಯಿತ್ತು. ಹೊಸ ಬೇರಿಂಗ್ ಹಾಕಿದೀವಿ ಮಾವ, ಇದರಿಂದ ಏನೂ ಗೊತ್ತಾಗಲ್ಲ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಕೇಳಿಸಲಿಲ್ಲ. ಕೈಗೆ, ಮುಖಕ್ಕೆ, ಹಣೆಯ ವಿಭೂತಿಗೆಲ್ಲ ಎಣ್ಣೆ ಮೆತ್ತಿತ್ತು. ನಾನು ನಿಂಬೆ ಸಿಪ್ಪೆ ತಂದು ಅವರ ಕೈ ತೊಳೆದೆ. ಮಗುವಿನ ಹಾಗೆ ಕೈ ಒಡ್ಡಿಕೊಂಡು ಕುಳಿತಿದ್ದರು.

ಅದಾದ ಮೇಲೆ ಶೆಡ್ಡಿಗೆ ಹೋಗಲಿಲ್ಲ. ಬೀದಿಯ ಬೈಕುಗಳ ಸದ್ದಿಗೂ ತಲೆಯೆತ್ತುತ್ತಿರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬಲಗಡೆ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಆಸ್ಪತ್ರೆಗೆ ಸೇರಿಸಿದೆವು. ಅತ್ತೆ ಬಂದರು. ಆದರೆ ವಾರ್ಡಿನ ಒಳಗೆ ಹೋಗದೆ ಹೊರಗಿನ ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತರು. ಊಟದ ಡಬ್ಬಿಯನ್ನು ನನ್ನ ಕೈಗೆ ಕೊಡುವರು, ಖಾಲಿ ಡಬ್ಬಿ ಇಸಿದುಕೊಳ್ಳುವರು.

ಒಂದು ಮಧ್ಯಾಹ್ನ ಡಬ್ಬಿ ಕೊಡುವಾಗ ಅದನ್ನು ಬಿಡದೆ ಹಿಡಿದುಕೊಂಡು ಕೇಳಿದರು. “ನೀನೂ ಶೆಡ್ಡಲ್ಲಿ ಇದ್ಯಲ್ಲ. ನಿಜ ಹೇಳು. ಅವ್ರು ಹಚ್ಚಿದ್ದರಿಂದ್ಲೇನಾ?”

ಮಾವನಿಗೆ ಕೊಟ್ಟ ಭಾಷೆ ನೆನಪಾಯಿತು. ಬಾಗಿಲಿನ ಗಾಜಿನಾಚೆ ಅವರು ಮಲಗಿದ್ದು ಕಾಣುತ್ತಿತ್ತು.

“ಗೊತ್ತಿಲ್ಲ ಅತ್ತೆ. ಮಾವನಿಗೂ ಗೊತ್ತಿರಲಿಲ್ಲ. ಹೇಳಕ್ಕಾಗಲ್ಲ ಅಂತ ಬಿಚ್ಚಿದ ದಿನವೇ ನನ್ನ ಹತ್ರ ಅಂದಿದ್ರು.”

“ಮತ್ತೆ ಯಾಕೆ ಅಂಗಂದ್ರು?”

ನಾನು ಗಾಜಿನಾಚೆ ಮಾವನ ಕಡೆ ನೋಡಿದೆ. ಅತ್ತೆ ನನ್ನ ಮುಖವನ್ನು ನೋಡಿದರು. ಮಗ ಹೋದ ಮೇಲೆ ಅವರು ನನ್ನನ್ನು ನೇರವಾಗಿ ನೋಡಿದ್ದು ಅದೇ ಮೊದಲು. ಬಹಳ ಹೊತ್ತು ನೋಡಿದರು. ಡಬ್ಬಿ ನನ್ನ ಕೈಗೆ ಬಿಟ್ಟು, ಕಣ್ಣೊರೆಸಿಕೊಳ್ಳದೆ ಎದ್ದು ಒಳಗೆ ಹೋದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು ಬಗ್ಗಿ, “ಏನೂಂದ್ರೆ, ನಾನು ಬಂದಿದೀನಿ,” ಅಂದರು. ಮಾವ ಕಣ್ಣು ತೆರೆದರು. ಬಾಯಿ ಅಲುಗಿತು, ಸದ್ದು ಬರಲಿಲ್ಲ. ಅತ್ತೆ ಮಾತು ನಿಲ್ಲಿಸಲಿಲ್ಲ. ಮನೆಯ ನಲ್ಲಿ ಸೋರುವುದು, ಮೂರನೇ ಮನೆಯ ಲೆಕ್ಚರರು ಹೊಸ ಬೈಕು ತಂದದ್ದು, ಈ ಸಲ ಹಾಕಿದ ಮಾವಿನ ಮಿಡಿ, ಏನೇನೋ ಹೇಳುತ್ತಲೇ ಹೋದರು. ಒಂದೂವರೆ ವರ್ಷದ ಮಾತನ್ನೆಲ್ಲ ಆ ಒಂದು ಮಧ್ಯಾಹ್ನ ಆಡಿದರು. ಫೋನಿನ ಮಾತನ್ನಾಗಲಿ ಪೇಸ್ಟಿನ ಮಾತನ್ನಾಗಲಿ ಎತ್ತಲಿಲ್ಲ.

ಮಾವ ಆ ವಾರವೇ ಹೋದರು. ಮಗನ ಪಕ್ಕದಲ್ಲೇ ಜಾಗ ಸಿಕ್ಕಿತು.

ಈಗ ನಾನೂ ಅತ್ತೆಯೂ ಆ ಮನೆಯಲ್ಲಿದ್ದೇವೆ. ಲ್ಯಾಬಿಗೆ ಬರುವ ಹೆಂಗಸರು ಸೂಜಿಯ ನೋವು ಮರೆಯುವುದಕ್ಕೆ ಏನಾದರೂ ಕೇಳುತ್ತಾರೆ. ಮದುವೆಯಾಗಿದೆಯಾ, ಯಜಮಾನರು ಏನ್ ಮಾಡ್ತಾರೆ ಅಂತ. ಅವರು ಈಗ ಇಲ್ಲ ಎನ್ನುತ್ತೇನೆ. ಏನಾಗಿತ್ತು ಎಂದರೆ, ರಸ್ತೇಲಿ ಕಾರು ನಿಂತುಹೋಯ್ತು, ಹಿಂದಿನಿಂದ ಲಾರಿ ಬಂತು ಎನ್ನುತ್ತೇನೆ. ಅಷ್ಟೇ ಹೇಳಿ ಸೀಸೆಗೆ ಹೆಸರು ಅಂಟಿಸುತ್ತೇನೆ. ಆ ಒಂದು ಮಾತನ್ನು, ಅದರಲ್ಲಿ ಯಾರ ಹೆಸರನ್ನೂ ಸೇರಿಸದೆ ಹೇಳುವಷ್ಟು ನಾನು ಉಳಿದಿದ್ದರೆ, ಅದು ಮಾವ ನನಗೆ ಕೊಟ್ಟು ಹೋದದ್ದು.